ಮಾಗಿಯ ಹಬ್ಬವೂ ಮಹಾಮಾರಿಯೂ: ಮರ್ಫಿ ಟೌನಿನ ಪಾಠ

ಧನುರ್ಮಾಸವು ಕಾಲಿಟ್ಟಿತೆಂದರೆ ಬೆಂಗಳೂರಿನ ದಂಡು ಪ್ರದೇಶದ ಬೀದಿಗಳಿಗೆ ಬೇರೊಂದು ಕಳೆಯೇ ಬರುವುದು. ಹಲಸೂರು ಕೆರೆಯ ಮೇಲಣ ಮಂಜು ಕರಗುವ ಮುನ್ನವೇ ಗುಡಿಗಳಲ್ಲಿ ಪೂಜೆಯ ಗಂಟೆ ಮೊಳಗಿ, ಹುಗ್ಗಿಯ ಪ್ರಸಾದ ಹಂಚಿಯಾಗಿರುವುದು. ಅದೇ ಬೀದಿಯ ಕ್ರೈಸ್ತರ ಮನೆಗಳ ಬಾಗಿಲಿನಲ್ಲಿ ಕಾಗದದ ನಕ್ಷತ್ರದೀಪಗಳು ತೂಗಾಡುವುವು. ತಿಂಗಳ ನಡುವೆ ಕ್ರಿಸ್ತ ಜಯಂತಿ, ತಿಂಗಳ ಕೊನೆಗೆ ಮಕರ ಸಂಕ್ರಾಂತಿ. ತಮಿಳು ಮನೆಗಳಲ್ಲಿ ಅದೇ ಪೊಂಗಲ್. ಹೀಗೆ ಒಂದೇ ಮಾಸದೊಳಗೆ ಹಲವು ಮತಗಳ ಹಬ್ಬಗಳು ಒಂದರ ಹೆಗಲಮೇಲೊಂದು ಕೈಯಿಟ್ಟು ನಡೆಯುವ ಪ್ರಾಂತ್ಯಗಳಲ್ಲಿ ಮರ್ಫಿ ಟೌನೂ ಒಂದು. 2020 ಮತ್ತು 2021ನೆಯ ಇಸವಿಗಳ ಕೊರೋನಾ ಮಹಾಮಾರಿಯ ಕಾಲದಲ್ಲಿ ಅಲ್ಲಿನ ಸಂಸಾರಗಳು ಈ ಹಬ್ಬಗಳನ್ನು ಹೇಗೆ ಉಳಿಸಿಕೊಂಡವೆಂಬುದನ್ನು ಇಂದು ನಮ್ಮ ವಾಚಕರ ಅವಗಾಹನೆಗೆ ತರಲು ಬಯಸುತ್ತೇವೆ. ಪಿಡುಗು ಹೋಯಿತು, ಮಾತೂ ಮುಗಿಯಿತು ಎಂದು ಮರೆಯಬೇಕಾದ ವಿಷಯವಲ್ಲವಿದು; ಮುಂದೊಮ್ಮೆ ಬಂದೀತೆಂದು ಎಚ್ಚರದಿಂದಿರಬೇಕಾದ ವಿಷಯ.

ಮರ್ಫಿ ಟೌನ್ ಹಳೆಯ ಮದರಾಸು ರಸ್ತೆಗೆ ಸಮೀಪದಲ್ಲಿ, ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವುದು. ಹಿಂದೆ ನಾಕ್ಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈ ನೆಲೆಗೆ ದಂಡಿನ ಇಂಜಿನಿಯರರಾಗಿದ್ದ ಮರ್ಫಿ ಎಂಬವರ ಹೆಸರು ಬಂದಿತು. ಬಡ ಶ್ರಮಜೀವಿಗಳಿಗೆಂದು ಸಾಲುಸಾಲಾಗಿ ಕಟ್ಟಿದ ಸಣ್ಣ ಮನೆಗಳೇ ಇದರ ಮೂಲಸ್ವರೂಪ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದು ಮನೆಯ ಒಗ್ಗರಣೆ ಮತ್ತೊಂದು ಮನೆಯ ಮೂಗಿಗೆ. ತಮಿಳು, ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಭಾಷೆಗಳು ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವುವು. ಇಂತಹ ಸ್ಥಳದಲ್ಲಿ ಹಬ್ಬವೆಂಬುದು ಒಂದು ಮನೆಯ ಸೊತ್ತಾಗಿ ಉಳಿಯುವುದು ಸಾಧ್ಯವೇ ಇಲ್ಲ.

ದಂಡಿನ ಮನೆಗಳ ಕ್ರಿಸ್ತ ಜಯಂತಿಯ ಸಿದ್ಧತೆಯನ್ನು ಕಂಡವರು ಈ ಮಾತನ್ನು ಒಪ್ಪುವರು. ಒಣಹಣ್ಣುಗಳನ್ನು ವಾರಗಳ ಮುಂಚೆಯೇ ನೆನೆಹಾಕುವುದು, ಕಲಸಿದ ಕೇಕಿನ ಹಿಟ್ಟನ್ನು ಬೀದಿಯ ಬೇಕರಿಯ ಒಲೆಗೆ ಕೊಂಡೊಯ್ದು ಸುಡಿಸಿಕೊಳ್ಳುವುದು, ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಯಲ್ಲಿ ಹೂವಿನಂತಹ ಅಚ್ಚು ಮುರುಕನ್ನು ಅರಳಿಸುವುದು, ಇವೆಲ್ಲಕ್ಕೂ ಹಲವು ಕೈಗಳು ಬೇಕು. ಕಲ್ಕಲ್ ಎಂಬ ತಿಂಡಿಗಂತೂ ಮನೆಮಂದಿಯೆಲ್ಲ ಒಂದು ಸಂಜೆ ಕೂಡಿ ಕುಳಿತುಕೊಳ್ಳಬೇಕು. ಹೊಸ ಬಾಚಣಿಗೆಯ ಅಥವಾ ಮುಳ್ಳುಚಮಚದ ಬೆನ್ನಮೇಲೆ ಹಿಟ್ಟಿನ ಉಂಡೆಯನ್ನು ಒತ್ತಿ ಸುರುಳಿಸುವ ಕೆಲಸ ಮಕ್ಕಳದು, ಕರಿಯುವುದು ಹಿರಿಯರದು. ಅಜ್ಜಿಯ ಹಳೆಯ ಕಥೆ ಮೊಮ್ಮಕ್ಕಳ ಕಿವಿಗೆ ಬೀಳುವುದು ಆ ಸಂಜೆಯೇ. ಗೋದಲಿಯನ್ನು ಕಟ್ಟುವುದು, ರಾತ್ರಿ ಮನೆಮನೆಗೆ ಬರುವ ಗಾಯನ ಮಂಡಲಿಯನ್ನು ಎದುರುಗೊಳ್ಳುವುದು, ನಡುರಾತ್ರಿಯ ಬಲಿಪೂಜೆಗೆ ಹೊಸಬಟ್ಟೆ ತೊಟ್ಟು ಹೊರಡುವುದು, ಇವೆಲ್ಲ ತರುವಾಯದ ಕ್ರಮಗಳು.

ಆದರೆ ಈ ಹಬ್ಬದ ಹೃದಯವಿರುವುದು ತಟ್ಟೆಯಲ್ಲಿ. ಕ್ರಿಸ್ತ ಜಯಂತಿಯ ದಿನ ಕಸೂತಿಯ ಬಟ್ಟೆ ಹೊದಿಸಿದ ತಿಂಡಿಯ ತಟ್ಟೆ ಹಿಂದೂ ಮನೆಗೂ ಮುಸಲ್ಮಾನರ ಮನೆಗೂ ಹೋಗುವುದು. ಮೂರು ವಾರಗಳ ತರುವಾಯ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆಗಳ ಮಿಶ್ರಣವೂ ಸಕ್ಕರೆ ಅಚ್ಚೂ ಕಬ್ಬಿನ ತುಂಡೂ ಎದುರುಮುಖವಾಗಿ ಬರುವುವು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ದೇಶದ ಗೃಹಿಣಿಯರ ಅಲಿಖಿತ ಶಾಸನ; ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಅದರಲ್ಲಿಟ್ಟು ಕಳುಹಿಸುವರು. ಮತಸಾಮರಸ್ಯದ ವಿಷಯದಲ್ಲಿ ಸಭಾಮಂಟಪಗಳಲ್ಲಿ ಗಂಟೆಗಟ್ಟಲೆ ನಡೆಯುವ ಭಾಷಣಗಳು ಮಾಡಲಾರದ ಕಾರ್ಯವನ್ನು ಈ ತಟ್ಟೆಯು ಸದ್ದಿಲ್ಲದೆ ಮಾಡುತ್ತ ಬಂದಿರುವುದು.

ಬೆಂಗಳೂರಿಗೆ ಪಿಡುಗು ಹೊಸದಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಈ ಊರನ್ನು ಹೊಕ್ಕಿತು. ಪ್ಲೇಗಮ್ಮನೆಂದು ಮಾರಮ್ಮನಿಗೆ ಜನರು ಕಟ್ಟಿದ ಗುಡಿಗಳು ಇಂದಿಗೂ ನಗರದ ಹಲವು ಮೂಲೆಗಳಲ್ಲಿ ಉಂಟು. ಮಲ್ಲೇಶ್ವರ, ಬಸವನಗುಡಿಗಳಂತಹ ವಿಶಾಲವಾದ ಬಡಾವಣೆಗಳು ಬೆಳೆದುದಕ್ಕೆ ಆ ಮಾರಿಯೇ ಒಂದು ಮುಖ್ಯ ಪ್ರೇರಣೆ. ಪ್ಲೇಗು ನಿವಾರಣೆಯ ಕಾರ್ಯವನ್ನು ಸುಸೂತ್ರವಾಗಿ ನಡೆಸುವುದಕ್ಕಾಗಿ ಆಗ ಊರಿನಲ್ಲಿ ಟೆಲಿಫೋನ್ ತಂತಿಯನ್ನೆಳೆದರೆಂಬುದೂ ಜ್ಞಾಪಕದಲ್ಲಿಡತಕ್ಕ ಸಂಗತಿ. ಇಪ್ಪತ್ತು ವರ್ಷಗಳ ತರುವಾಯ, 1918ರಲ್ಲಿ, ವಿಷಮ ಶೀತಜ್ವರವು ಮುಂಬಯಿಯ ಬಂದರಿನಿಂದ ದೇಶದೊಳಕ್ಕೆ ಹಬ್ಬಿತು. ಆ ವರ್ಷದ ಶರತ್ಕಾಲದಲ್ಲಿ ಅದರ ಹಾವಳಿ ಮಿತಿಮೀರಿತು. ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಅದಕ್ಕೆ ಬಲಿಯಾದರೆಂದು ಪಂಡಿತರ ಅಂದಾಜು. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ಇಂದಿನ ಭಾರತದ ಎಲ್ಲೆಯೊಳಗಣ ಜನಸಂಖ್ಯೆಯೇ ಕಡಮೆಯಾಗಿದ್ದಿತು.

ಆ ಕಾಲದ ಆಡಳಿತದ ರೀತಿಯನ್ನು ಮರೆಯಲಾಗದು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಪರಕೀಯ ಸರ್ಕಾರಕ್ಕೆ ಮಿತಿಯಿಲ್ಲದ ಅಧಿಕಾರವನ್ನು ಕೊಟ್ಟಿತು. ಸಿಪಾಯಿಗಳು ಮನೆಯೊಳಗೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಎಳೆದೊಯ್ದರು, ದೇವರ ಕೋಣೆಯನ್ನೂ ಅಂತಃಪುರವನ್ನೂ ಬಿಡಲಿಲ್ಲ. ಪುಣೆಯಲ್ಲಿ ಈ ದಬ್ಬಾಳಿಕೆಯಿಂದ ಹುಟ್ಟಿದ ಆಕ್ರೋಶವು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡನ ಮೇಲಣ ಗುಂಡಿನ ದಾಳಿಯಲ್ಲಿ ಪರ್ಯವಸಾನವಾಯಿತು. ಜನರು ರೋಗವನ್ನು ಮುಚ್ಚಿಟ್ಟರು. ಮುಚ್ಚಿಟ್ಟುದರಿಂದ ರೋಗ ಹೆಚ್ಚಿತು. ಭಯದಿಂದ ಪಾಲಿಸಿದ ನಿಯಮ ಕಾವಲುಗಾರನ ಬೆನ್ನು ತಿರುಗುವವರೆಗೆ ಮಾತ್ರ ನಿಲ್ಲುವುದೆಂಬುದು ಅಂದಿನ ಪಾಠ. ಅದೇ 1897ರ ಕಾಯಿದೆಯನ್ನೇ 2020ರ ಮಾರ್ಚಿಯಲ್ಲಿ ಸ್ವತಂತ್ರ ಭಾರತವೂ ಕೈಗೆತ್ತಿಕೊಂಡಿತು. ಆದುದರಿಂದ ನಮ್ಮ ಮುಂದೆ ಇದ್ದ ಪ್ರಶ್ನೆ ಸಣ್ಣದಾಗಿರಲಿಲ್ಲ: ತನ್ನನ್ನು ತಾನು ಆಳಿಕೊಳ್ಳುವ ಪ್ರಜೆಯು ಹಬ್ಬದ ದಿನ ತನ್ನ ಮನೆಯ ಹೊಸ್ತಿಲಲ್ಲಿ ತನ್ನನ್ನು ಆಳಿಕೊಳ್ಳಬಲ್ಲನೆ?

2020ರ ಡಿಸೆಂಬರು ಬಂದಿತು. ಮಾರ್ಚಿ 25ರಿಂದ ಮೊದಲಾದ ದಿಗ್ಬಂಧನದ ಗಾಯ ಇನ್ನೂ ಆರಿರಲಿಲ್ಲ. ಮನೆಗೆಲಸದ ಹೆಂಗಸರು, ಆಟೋ ಓಡಿಸುವವರು, ಹೋಟೆಲಿನ ನೌಕರರು ತಿಂಗಳುಗಟ್ಟಲೆ ಸಂಪಾದನೆಯಿಲ್ಲದೆ ಕುಳಿತಿದ್ದರು. ಕಾರ್ತಿಕದ ಕಡೆಯ ಸೋಮವಾರದ ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಆ ವರ್ಷ ಎಂದಿನ ಸಂಭ್ರಮದಿಂದ ನಡೆಯಲಿಲ್ಲ. ಕ್ರಿಸ್ತ ಜಯಂತಿಗೆ ಎರಡು ದಿನಗಳಿರುವಾಗ, ಡಿಸೆಂಬರ್ 23ರಂದು, ಸರ್ಕಾರದವರು ರಾತ್ರಿ ಕರ್ಫ್ಯೂವನ್ನು ಘೋಷಿಸಿದರು. ಕೂಡಲೇ ಅದರ ವೇಳೆಯನ್ನು ಬದಲಿಸಿದರು. ಮರುದಿನ, ಅದು ಜಾರಿಗೆ ಬರುವ ಮೊದಲೇ, ಅದನ್ನು ಹಿಂತೆಗೆದುಕೊಂಡರು. ಅಧಿಕಾರಿವರ್ಗದ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ನಡುರಾತ್ರಿಯ ಪೂಜೆಗೆ ಹೋಗಬಹುದೋ ಹೋಗಬಾರದೋ ಎಂಬುದನ್ನು ಗಂಟೆಗೊಮ್ಮೆ ಕೇಳಿ ತಿಳಿಯಬೇಕಾದ ಸ್ಥಿತಿಯಲ್ಲಿ ಗೃಹಸ್ಥನು ಏನು ಸಿದ್ಧತೆ ಮಾಡಿಯಾನು?

ಆಜ್ಞೆಗಳು ಹೀಗೆ ತೂಗುಯ್ಯಾಲೆಯಾಡುತ್ತಿದ್ದಾಗ ಮನೆಗಳು ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡಿಕೊಂಡವು. ಕಲ್ಕಲ್ ಒತ್ತುವ ಸಂಜೆ ನಿಲ್ಲಲಿಲ್ಲ. ಆದರೆ ಮೂರು ಸಂಸಾರಗಳು ಕೂಡುತ್ತಿದ್ದ ಕಡೆ ಒಂದೇ ಸಂಸಾರ ಕುಳಿತುಕೊಂಡಿತು. ಬೇರೆ ಬಡಾವಣೆಯ ಅಜ್ಜಿ ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡು, ಹಿಟ್ಟಿಗೆ ತೆಂಗಿನಹಾಲು ಸಾಲದೆಂದು ಅಲ್ಲಿಂದಲೇ ಗದರಿದಳು. ಹಿಂದೆ ಪ್ಲೇಗಿನ ಕಾಲದಲ್ಲಿ ಅಧಿಕಾರಿಗಳ ನಡುವೆ ಸುದ್ದಿಯನ್ನು ಸಾಗಿಸಿದ ಟೆಲಿಫೋನು ಈ ಬಾರಿ ಅಜ್ಜಿಯ ಆಶೀರ್ವಾದವನ್ನು ಸಾಗಿಸಿತು. ಗಾಯನ ಮಂಡಲಿಗಳು ಬೀದಿಗಿಳಿಯಲಿಲ್ಲ. ಮನೆಯವರೇ ಬಾಗಿಲಲ್ಲಿ ನಿಂತು ಹಾಡಿದರು, ಎದುರುಮನೆಯವರು ತಮ್ಮ ಬಾಗಿಲಿನಿಂದ ದನಿಗೂಡಿಸಿದರು. ಚರ್ಚುಗಳಲ್ಲಿ ಜನರನ್ನು ಸಣ್ಣ ಸಣ್ಣ ತಂಡಗಳಾಗಿ ಹಂಚಿ ಪೂಜೆಗಳು ನಡೆದವು. ವೃದ್ಧರೂ ರೋಗಿಗಳೂ ಮನೆಯಲ್ಲಿಯೇ ಕುಳಿತು ಪರದೆಯ ಮೇಲೆ ಕಂಡರು. ತೆರೆದ ತಟ್ಟೆಯ ಸ್ಥಾನಕ್ಕೆ ಮುಚ್ಚಳದ ಸ್ಟೀಲ್ ಡಬ್ಬಿ ಬಂದಿತು. ಅದನ್ನು ಹೊಸ್ತಿಲ ಮೇಲಿಟ್ಟು, ಕದ ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಮುಖಗವಸಿನ ಮೇಲಣ ಕಣ್ಣಿನಿಂದಲೇ ನಕ್ಕು ಹೋದರು. ಮನೆಯೊಳಗೆ ಯಾರಿಗಾದರೂ ಜ್ವರವಿದ್ದರೆ ಡಬ್ಬಿಯ ಜೊತೆಗೆ ಒಂದು ಪಾತ್ರೆ ಗಂಜಿಯೂ ಬಂದಿತು.

ಮುಂದಿನ ವರ್ಷದ ಮಾಗಿಯು ಇದಕ್ಕಿಂತ ಭಾರವಾಗಿದ್ದಿತು. 2021ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯು ಬೆಂಗಳೂರಿನಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ, ಕೊನೆಗೆ ಚಿತಾಗಾರದಲ್ಲಿ ಸರದಿಗಾಗಿಯೂ ಜನರನ್ನು ಕಾಯಿಸಿದ್ದಿತು. ಡಿಸೆಂಬರ್ 2ರಂದು ಓಮಿಕ್ರಾನ್ ತಳಿಯ ದೇಶದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿಯೇ ಪ್ರಕಟವಾದವು. ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂವೂ, 2022ರ ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂವೂ ಜಾರಿಗೆ ಬಂದು, ಸಂಕ್ರಾಂತಿಯ ಹಬ್ಬವು ಅದರ ನಡುವೆ ಸಿಕ್ಕಿಕೊಂಡಿತು. ಎಳ್ಳು ಬೀರಲು ಹೊಸ ಲಂಗ ತೊಟ್ಟ ಹುಡುಗಿಯರು ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಮಾತ್ರ ಹೋಗಿ ಬಂದರು. ಎಲಚಿಹಣ್ಣನ್ನು ತಲೆಯ ಮೇಲೆ ಸುರಿದು ಆರತಿಯೆತ್ತುವ ಶಾಸ್ತ್ರವು ಮನೆಯೊಳಗಿನ ಮಕ್ಕಳಿಗಷ್ಟೇ ಆಯಿತು.

ಆ ಮಾಗಿಯಲ್ಲಿ ಎಷ್ಟೋ ಮನೆಗಳ ಬಾಗಿಲಲ್ಲಿ ನಕ್ಷತ್ರ ಬೆಳಗಲಿಲ್ಲ. ಎಷ್ಟೋ ಮನೆಗಳಲ್ಲಿ ವರ್ಷ ತುಂಬದ ಕಾರಣ ಎಳ್ಳುಬೆಲ್ಲವಿಲ್ಲ. ಸಾವಾದ ಮನೆಯಲ್ಲಿ ಹಬ್ಬವಿಲ್ಲವೆಂಬುದು ಎಲ್ಲ ಮತದವರೂ ಬಲ್ಲ ನಿಯಮ. ಆದರೆ ಹಬ್ಬವಿಲ್ಲದ ಮನೆಗೆ ನೆರೆಯವರು ತಿಂಡಿ ಕಳುಹಿಸಬಾರದೆಂಬ ನಿಯಮವಿಲ್ಲ. ಅಂತಹ ಮನೆಯಿಂದ ಬರಿದಾಗಿ ಹಿಂದಿರುಗಿದ ಡಬ್ಬಿಯನ್ನು ಯಾರೂ ಕೊರತೆಯೆಂದೆಣಿಸಲಿಲ್ಲ. ತಟ್ಟೆಯ ಶಾಸನವು ಅಲ್ಲಿ ತಾನಾಗಿಯೇ ಬಾಗಿತು. ಬಾಗಿದುದರಿಂದಲೇ ಮುರಿಯದೆ ಉಳಿಯಿತು.

ಈ ವಿಷಯದಲ್ಲಿ ಎರಡು ವಿಧದ ಅತಿವಾದಗಳನ್ನು ನಾವು ಕೇಳಿದ್ದೇವೆ. ಪಿಡುಗಿನ ಕಾಲದಲ್ಲಿ ಹಬ್ಬವೇಕೆ, ಎಲ್ಲವನ್ನೂ ನಿಲ್ಲಿಸಿರೆಂಬುದು ಒಂದು. ಪೂರ್ವಿಕರ ಪದ್ಧತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಕೂಡದೆಂಬುದು ಇನ್ನೊಂದು. ಮೊದಲನೆಯವರು ಮನುಷ್ಯನನ್ನು ತಿಳಿದವರಲ್ಲ. ತಿಂಗಳುಗಟ್ಟಲೆ ಭಯದಲ್ಲಿಯೂ ಒಂಟಿತನದಲ್ಲಿಯೂ ಕಳೆದ ಜೀವಕ್ಕೆ ನೆರೆಮನೆಯ ಒಂದು ಡಬ್ಬಿಯು ಔಷಧದಷ್ಟೇ ಆವಶ್ಯಕ. ಎರಡನೆಯವರು ಪೂರ್ವಿಕರನ್ನೇ ತಿಳಿದವರಲ್ಲ. ಆಪತ್ಕಾಲಕ್ಕೆ ಬೇರೆ ಧರ್ಮವುಂಟೆಂದು ಮಹಾಭಾರತದ ಶಾಂತಿಪರ್ವವೇ ವಿಸ್ತಾರವಾಗಿ ನಿರೂಪಿಸುವುದು. ಸಿಡುಬು ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಪರರ ಪ್ರವೇಶವನ್ನು ತಡೆದ ನಮ್ಮ ಹಿರಿಯರಿಗೆ ಅಂತರ ಕಾಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹೊರಗಿನ ಲೋಕವೂ ಹೀಗೆಯೇ ನಡೆಯಿತು. 2020ರಲ್ಲಿ ಹಜ್ ಯಾತ್ರೆಯು ಸುಮಾರು ಒಂದು ಸಾವಿರ ಜನರಿಗೆ ಸೀಮಿತವಾಯಿತು. ಅದೇ ವರ್ಷ ರೋಮಿನಲ್ಲಿ ಪೋಪ್ ಫ್ರಾನ್ಸಿಸರು ನಡುರಾತ್ರಿಯ ಪೂಜೆಯನ್ನು ಕರ್ಫ್ಯೂವಿನ ನಿಮಿತ್ತ ಸಂಜೆ ಏಳೂವರೆಗೇ ನೆರವೇರಿಸಿದರು. ಮೆಕ್ಕಾ ಮತ್ತು ರೋಮುಗಳಿಗೆ ಕಳಂಕವಾಗದುದು ನಮ್ಮ ಬೀದಿಗೆ ಕಳಂಕವಾದೀತೆ?

ಆದರೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮನೆಯಲ್ಲಿಯೇ ಅಂತರವನ್ನು ಪಾಲಿಸಿರೆಂಬ ಉಪದೇಶವು ನಾಲ್ಕು ಕೊಠಡಿಗಳುಳ್ಳವನಿಗೆ ಸುಲಭ. ಎರಡೇ ಕೊಠಡಿಗಳಲ್ಲಿ ಏಳು ಜನ ವಾಸಿಸುವ ಕುಟುಂಬಕ್ಕೆ ಅದು ಪರಿಹಾಸದಂತೆ ಕೇಳುವುದು. ಮರ್ಫಿ ಟೌನಿನಂತಹ ಸ್ಥಳಗಳ ಸಂಸಾರಗಳು ತೋರಿದ ಸಂಯಮವು ಅನುಕೂಲದಿಂದ ಹುಟ್ಟಿದುದಲ್ಲ, ನೆರೆಯವರ ಮೇಲಣ ಕಾಳಜಿಯಿಂದ ಹುಟ್ಟಿದುದು. ಇದರ ಗೌರವವು ಅವರಿಗೆ ಸಲ್ಲಬೇಕು; ಇದರಿಂದ ದೊರೆಯುವ ಪಾಠವು ಆಳುವವರಿಗೆ ತಲುಪಬೇಕು.

ಆ ಪಾಠವು ಮೂರು ಮಾತುಗಳಷ್ಟೆ. ಹಬ್ಬದ ನಿಬಂಧನೆಗಳನ್ನು ಹಬ್ಬದ ಮುನ್ನಾದಿನವಲ್ಲ, ಹದಿನೈದು ದಿನಗಳ ಮುಂಚೆ ಪ್ರಕಟಿಸಬೇಕು. ಪ್ರಕಟಿಸಿದ ಮೇಲೆ ಅವುಗಳಲ್ಲಿ ನಿಲ್ಲಬೇಕು. ಬೀದಿಯ ಜನರು ಆಡುವ ಭಾಷೆಗಳಲ್ಲಿ, ಗುಡಿ ಚರ್ಚು ಮಸೀದಿಗಳ ಹಿರಿಯರ ಮುಖಾಂತರ, ಕಾರಣಸಹಿತವಾಗಿ ಅವುಗಳನ್ನು ತಿಳಿಸಬೇಕು. ಇಕ್ಕಟ್ಟಾದ ಮನೆಗಳುಳ್ಳ ಬಡಾವಣೆಗಳಲ್ಲಿ ಶಾಲೆಯ ಅಂಗಳಗಳನ್ನೂ ಮೈದಾನಗಳನ್ನೂ ತೆರೆದಿಟ್ಟು, ಜನರು ಗಾಳಿಯಾಡುವೆಡೆ ಸೇರಲು ಆಸ್ಪದ ಕೊಡಬೇಕು. ಇಷ್ಟು ಮಾಡಿದರೆ ಮಿಕ್ಕುದನ್ನು ಮನೆಗಳೇ ನಡೆಸಿಕೊಳ್ಳುವುವೆಂಬುದನ್ನು ಆ ಎರಡು ಮಾಗಿಗಳು ತೋರಿಸಿಕೊಟ್ಟಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ತಟ್ಟೆಗಳು ಮತ್ತೆ ತೆರೆದುಕೊಂಡಿವೆ. ಗಾಯನ ಮಂಡಲಿಗಳು ಮತ್ತೆ ಬೀದಿಗಿಳಿದಿವೆ. ಆದರೆ ಜನಜಂಗುಳಿ ಮರಳಿದ ಸಂತೋಷದಲ್ಲಿ ಒಂದು ಸಂಗತಿಯನ್ನು ನಾವು ಮರೆಯದಿರೋಣ. ಎಲ್ಲವನ್ನೂ ಕಡಿತಗೊಳಿಸಬೇಕಾಗಿ ಬಂದಾಗ ಹಬ್ಬದಲ್ಲಿ ಕೊನೆಗೆ ಉಳಿದುದು ದೀಪಾಲಂಕಾರವಲ್ಲ, ಪಟಾಕಿಯಲ್ಲ, ಹೊಸಬಟ್ಟೆಯೂ ಅಲ್ಲ. ನೆರೆಮನೆಯ ಹೊಸ್ತಿಲ ಮೇಲಿಟ್ಟ ಒಂದು ಡಬ್ಬಿ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡೆಂದು ಕನ್ನಡಿಗರು ಪ್ರತಿವರ್ಷವೂ ಹೇಳುವರು. ಆ ಒಳ್ಳೆಯ ಮಾತು ಯಾವ ಮತದ ಮನೆಯಿಂದ ಬಂದರೂ ಬರಿದಾಗಿ ಹಿಂದಿರುಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಪೌರಧರ್ಮವಾಗಿರುವುದು.