ಹೊಸ ಹಾಡಿನ ಲೋಕಸಂಚಾರ

ನಾಟಕದ ಕಂಪನಿಗಳು ಹೊಸ ನಾಟಕ ಕಟ್ಟಿಕೊಂಡು ಊರೂರಿನಲ್ಲಿ ಮೊಕ್ಕಾಂ ಮಾಡುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೇವಷ್ಟೆ. ರಾಕ್ ತಂಡಗಳ ವಿಶ್ವಪ್ರವಾಸವೂ ಅಂಥದೇ. ಇಂಗ್ಲೆಂಡಿನ ಐರನ್ ಮೇಡನ್ ತಂಡವು ೨೦೦೬ರಲ್ಲಿ ಹತ್ತು ಹಾಡುಗಳ ಹೊಸ ಆಲ್ಬಂ ಹೊರತಂದು, ಅವೆಲ್ಲವನ್ನೂ ಅದೇ ಕ್ರಮದಲ್ಲಿ ಊರೂರಿನ ವೇದಿಕೆಗಳ ಮೇಲೆ ಹಾಡಿತು. ಹಳೆಯ ಹಾಡುಗಳೆಲ್ಲಿ ಎಂದು ಕೆಲವರು ಗೊಣಗಿದರು. ೨೦೦೭ರ ಮಾರ್ಚ್ ೧೭ರಂದು ಆ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಹಾಡುವ ವೇಳೆಗೆ ಹೊಸ ಹಾಡುಗಳು ಕಡಿಮೆಯಾಗಿ ಹಳೆಯವು ಹೆಚ್ಚಿದ್ದವು.

ಬೇಗೂರಿನಿಂದ ಹೋಗಿದ್ದ ನನ್ನ ಸೋದರಮಾವನವರು ಹೊಸ ಹಾಡು ಬಂದಾಗಲೆಲ್ಲ ಗೆಳೆಯರೊಡನೆ ಹರಟುತ್ತಿದ್ದರಂತೆ. ಈಗ ಅವೇ ಹಾಡುಗಳನ್ನು ಮತ್ತೆ ಮತ್ತೆ ಹಾಕಿಕೊಂಡು, “ಎದುರಿಗೇ ಹಾಡಿದರು, ನಾನು ಕೇಳಲಿಲ್ಲ” ಎನ್ನುತ್ತಾರೆ. ಹಾಡುಗಾರನು ಹೊಸದನ್ನು ಹೊತ್ತು ಲೋಕ ಸುತ್ತಬಲ್ಲನು. ಕೇಳುವ ಕೆಲಸ ಮಾತ್ರ ನಮ್ಮದೇ.