ಗುಡಿ ಹೋದರೂ ಹಾಡು ಉಳಿಯಿತು

ಚೆನ್ನೈನ ಜಾರ್ಜ್ ಟೌನಿನಲ್ಲಿ ಅರ್ಮೇನಿಯನ್ ಸ್ಟ್ರೀಟ್ ಎಂಬ ಬೀದಿ ಇರುವುದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. 1772ರಲ್ಲಿ ಕಟ್ಟಿದ ಅರ್ಮೇನಿಯನ್ನರ ಚರ್ಚು ಅಲ್ಲಿ ಈಗಲೂ ಇದೆ. ಅವರ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಜ್ದರಾರ್' 1794ರಲ್ಲಿ ಹೊರಟಿದ್ದೂ ಈ ಊರಿನಿಂದಲೇ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಮಗಳು, "ಅಮ್ಮಾ, ಕ್ರೈಸ್ತರಾಗುವ ಮೊದಲು ಇವರ ದೇವರು ಯಾರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಅರ್ಮೇನಿಯ ಕಾಕಸಸ್ ಪರ್ವತಗಳ ದಕ್ಷಿಣದ ನಾಡು. ಅಲ್ಲಿ ಅರಾಮಜ್ದ್ ದೇವತೆಗಳ ತಂದೆ. ಅನಾಹಿತ್ ಮಹಾತಾಯಿ. ತೀರ್ ಬರವಣಿಗೆಗೂ ಕನಸುಗಳಿಗೂ ಒಡೆಯ. ಮಿಹ್ರ್ ಬೆಳಕಿನ ದೇವರು, ನಮ್ಮ ವೇದದ ಮಿತ್ರನಿಗೆ ನಂಟ. ಬೆಂಕಿಯ ಕೂದಲಿನ ವಹಾಗ್ನ್ ಘಟಸರ್ಪಗಳನ್ನು ಕೊಂದ ವೀರ. ಅವನ ಹೆಸರಿಗೂ ಇಂದ್ರನ 'ವೃತ್ರಹನ್' ಎಂಬ ಬಿರುದಿಗೂ ಮೂಲ ಒಂದೇ! ಅವನ ಪ್ರಿಯೆ ಅಸ್ತ್‌ಘಿಕ್. ಹೆಸರಿನ ಅರ್ಥ ಪುಟ್ಟ ನಕ್ಷತ್ರ.

ಸಂಪ್ರದಾಯದ ಪ್ರಕಾರ ಕ್ರಿ.ಶ. 301ರಲ್ಲಿ ಅಲ್ಲಿಯ ದೊರೆ ಕ್ರೈಸ್ತ ಮತ ಸ್ವೀಕರಿಸಿದ. ಹಳೆಯ ಗುಡಿಗಳು ನೆಲಸಮವಾದವು. ಉಳಿದಿದ್ದ ಗಾರ್ನಿಯ ಗುಡಿಯೂ 1679ರ ಭೂಕಂಪದಲ್ಲಿ ಕುಸಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 1975ರ ಹೊತ್ತಿಗೆ. ಅನಾಹಿತಳದೆಂದು ಹಲವರು ಹೇಳುವ ಕಂಚಿನ ತಲೆಯೊಂದು ದೂರದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಆದರೆ ದೇವರುಗಳು ಪೂರ್ತಿ ಹೋಗಲಿಲ್ಲ. ಈಸ್ಟರ್ ಕಳೆದ ಹದಿನಾಲ್ಕು ವಾರಕ್ಕೆ ಬರುವ 'ವರ್ದವಾರ್' ಹಬ್ಬದಲ್ಲಿ ಇಂದಿಗೂ ಬೀದಿಬೀದಿಯಲ್ಲಿ ಒಬ್ಬರ ಮೇಲೊಬ್ಬರು ನೀರೆರಚುತ್ತಾರೆ. ಅದು ಅಸ್ತ್‌ಘಿಕಳ ಹಬ್ಬವಾಗಿತ್ತು ಎನ್ನುತ್ತಾರೆ. ಹೊತ್ತಿ ಉರಿಯುವ ಜೊಂಡಿನಿಂದ ವಹಾಗ್ನ್ ಹುಟ್ಟಿದ ಹಾಡಂತೂ ಜನರ ಬಾಯಲ್ಲೇ ಉಳಿಯಿತು. ಅರ್ಮೇನಿಯನ್ ಲಿಪಿ ಹುಟ್ಟಿದ್ದೇ ಸುಮಾರು 405ರಲ್ಲಿ. ಅನಂತರ ಆ ಹಾಡನ್ನು ಬರೆದಿಟ್ಟವನು ಮೊವ್ಸೆಸ್ ಖೊರೆನಾತ್ಸಿ ಎಂಬ ಇತಿಹಾಸಕಾರ. ಅವನು ಕ್ರೈಸ್ತ. ಆ ದೇವರನ್ನು ನಂಬದಿದ್ದರೂ ಹಾಡನ್ನು ಬಿಡಲಿಲ್ಲ.

ಇದನ್ನು ಓದುವಾಗ ನನಗೆ ನನ್ನ ಅಮ್ಮ ನೆನಪಾದಳು. ಹಸೆಗೆ ಕರೆಯುವ ಹಾಡೊಂದನ್ನು ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳು! ಬಿ.ಎ. ಓದಿದ ನಾನು ಅದನ್ನು ಬರೆದುಕೊಳ್ಳಲಿಲ್ಲ. ಈಗ ನೆನಪಿರುವುದು ಎರಡೇ ಸಾಲು. ಕೇಳೋಣವೆಂದರೆ ಅಮ್ಮ ಇಲ್ಲ.

ಮಕ್ಕಳೇ, ನಿಮ್ಮ ಅಜ್ಜಿ ಇದ್ದರೆ ಈ ರಜೆಯಲ್ಲಿ ಒಂದೇ ಒಂದು ಹಾಡು ಹೇಳಿಸಿಕೊಂಡು ಬರೆದಿಡಿ. ಕನ್ನಡ ಬರೆಯಲು ಬಾರದಿದ್ದರೆ ನಿಮಗೆ ಬರುವ ಲಿಪಿಯಲ್ಲೇ ಬರೆಯಿರಿ. ಲಿಪಿ ಆಮೇಲೂ ಕಲಿಯಬಹುದು.