ಹರ್ಮಯನಿಗೆ ಯಾರ ದನಿ?

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಮಾಲೆಯ ಮೊದಲ ಪುಸ್ತಕ 1997ರ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ಪ್ರಕಾಶನದಿಂದ ಹೊರಬಂದು, ಮರುವರ್ಷ ಸ್ಕಾಲಾಸ್ಟಿಕ್ ಸಂಸ್ಥೆಯ ಮೂಲಕ ಅಮೆರಿಕದ ಮಕ್ಕಳ ಕೈ ಸೇರಿತು. ಪುಸ್ತಕವೊಂದನ್ನು ಆದಿಯಿಂದ ಅಂತ್ಯದವರೆಗೆ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿದ ರೂಪಕ್ಕೆ ಆಡಿಯೊ ಪುಸ್ತಕ ಎಂದು ಹೆಸರು. ಅದರ ಹಕ್ಕುಗಳೂ ದೇಶವಾರು ಹಂಚಿಹೋಗಿದ್ದರಿಂದ, ಏಳೂ ಸಂಪುಟಗಳನ್ನು ಬ್ರಿಟನ್ನಿನ ಕೇಳುಗರಿಗಾಗಿ ಸ್ಟೀಫನ್ ಫ್ರೈ ಓದಿದರೆ, ಅಮೆರಿಕದ ಕೇಳುಗರಿಗಾಗಿ ಜಿಮ್ ಡೇಲ್ ಓದಿದರು. ಇಬ್ಬರೂ ಹುಟ್ಟಿನಿಂದ ಇಂಗ್ಲೆಂಡಿನವರು, ಇಬ್ಬರೂ ಹಾಸ್ಯನಟರು. ಆದರೂ ಇವರಲ್ಲಿ ಯಾರ ಓದು ಮೇಲು ಎಂಬ ವಾದ ಕಾಲು ಶತಮಾನ ಕಳೆದರೂ ತೀರಿಲ್ಲ, ಮತ್ತು ಆ ವಾದವನ್ನು ಅಭಿಮಾನಿಗಳ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಕಥೆಯನ್ನು ಓದಿ ಹೇಳುವವರು ಪಾತ್ರಗಳಾಗಬೇಕೋ, ಕಥೆಗಾರರಾಗಿಯೇ ಉಳಿಯಬೇಕೋ ಎಂಬ ಹಳೆಯ ಪ್ರಶ್ನೆ ಅದರ ಬುಡದಲ್ಲಿದೆ.

1935ರಲ್ಲಿ ಹುಟ್ಟಿದ ಡೇಲ್ ಚಿಕ್ಕಂದಿನಲ್ಲೇ ರಂಗಕ್ಕೆ ಬಂದು, ಮುಂದೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಹೆಸರು ಮಾಡಿದವರು. ಹಾಡು, ಕುಣಿತ, ವಿನೋದ ಮೂರೂ ಬೆರೆತ ಆ ಪರಂಪರೆಯಲ್ಲಿ ನಟನು ಎದುರಿಗೆ ಕುಳಿತವರನ್ನು ಒಂದು ಕ್ಷಣವೂ ಬಿಟ್ಟುಕೊಡುವಂತಿಲ್ಲ. ಅವರ ವಾಚನವೂ ಹಾಗೆಯೇ ಇದೆ. ಪ್ರತಿ ಪಾತ್ರಕ್ಕೂ ಬೇರೆ ಕಂಠ, ಬೇರೆ ಊರಿನ ಉಚ್ಚಾರ, ಬೇರೆ ಲಯ. ಸರಣಿಯ ಅತಿ ದೊಡ್ಡ ಸಂಪುಟವಾದ ಐದನೆಯ ಕಾದಂಬರಿಯಲ್ಲಿ ಅವರು 134 ದನಿಗಳನ್ನು ತಂದದ್ದು ಗಿನ್ನೆಸ್ ದಾಖಲೆಯಾಯಿತು, ಹಾಗೂ ನಾಲ್ಕನೆಯ ಮತ್ತು ಏಳನೆಯ ಸಂಪುಟಗಳ ವಾಚನಕ್ಕೆ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ಇಂಥ ಓದಿನಲ್ಲಿ ಯಾರು ಮಾತಾಡುತ್ತಿದ್ದಾರೆಂದು ಮಗು ತಡಕಾಡಬೇಕಾಗಿಲ್ಲ, ಗದ್ದಲದ ಊಟದ ಸಭಾಂಗಣವೂ ಕಣ್ಣ ಮುಂದೆ ನಿಲ್ಲುತ್ತದೆ ಎಂಬುದು ಮೆಚ್ಚುವವರ ಮಾತು.

ಫ್ರೈ ಅವರದು ಇನ್ನೊಂದು ದಾರಿ. ಪಿ. ಜಿ. ವುಡ್‌ಹೌಸ್ ಕಥೆಗಳ ಟೆಲಿವಿಷನ್ ರೂಪದಲ್ಲಿ ಜೀವ್ಸ್ ಎಂಬ ಸೇವಕನ ಪಾತ್ರ ಮಾಡಿದ್ದ, ಸ್ವತಃ ಲೇಖಕರೂ ಆದ ಅವರ ಓದಿನಲ್ಲಿ ಪಾತ್ರಗಳ ದನಿ ಬದಲಾಗುತ್ತದೆಯಾದರೂ, ಎಲ್ಲಕ್ಕಿಂತ ಮುಂದೆ ನಿಲ್ಲುವುದು ನಿರೂಪಕ, ಅಂದರೆ ಕಥೆಯೊಳಗೆ ಪಾತ್ರವಾಗದೆ ಕಥೆಯನ್ನು ನಡೆಸಿಕೊಂಡು ಹೋಗುವ ದನಿ. ಕನ್ನಡದ ಗಮಕ ಪದ್ಧತಿಯಲ್ಲಿ ಕಾವ್ಯವನ್ನು ವಾಚಿಸುವವರು ಒಬ್ಬರು, ವ್ಯಾಖ್ಯಾನಿಸುವವರು ಇನ್ನೊಬ್ಬರು. ಆಡಿಯೊ ಪುಸ್ತಕದ ವಾಚಕರಿಗೆ ಆ ಅನುಕೂಲವಿಲ್ಲದ ಕಾರಣ, ಒಂದು ಮಾತನ್ನೂ ಸೇರಿಸದೆ ದನಿಯ ಏರಿಳಿತವೊಂದರಿಂದಲೇ ಎರಡೂ ಕೆಲಸ ಮಾಡಬೇಕಾಗುತ್ತದೆ. ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಹ್ಯಾರಿಯನ್ನು ಸಾಕುವ ಬಂಧುಗಳಾದ ಡರ್ಸ್ಲಿ ಕುಟುಂಬದ ಸಂಕುಚಿತತನವನ್ನು ನಿರೂಪಕ ಗಂಭೀರ ಮುಖದಿಂದಲೇ ಗೇಲಿ ಮಾಡುವ ಬಗೆಯನ್ನು ಫ್ರೈ ಅವರಷ್ಟು ಚೆನ್ನಾಗಿ ಕೇಳಿಸಿದವರಿಲ್ಲ. ಅದೇ ಗುಣವನ್ನು ಕೆಲವರು ಮಂದಗತಿ ಎನ್ನುತ್ತಾರೆ, ಸಂಭಾಷಣೆ ದಟ್ಟವಾದಲ್ಲಿ ದನಿಗಳು ಒಂದರೊಳಗೊಂದು ಕರಗುತ್ತವೆ ಎಂದು ದೂರುತ್ತಾರೆ.

ಡೇಲ್ ಅವರ ಮೇಲಿನ ದೂರುಗಳಲ್ಲಿ ಹೆಚ್ಚು ತೂಕದ್ದು ಹರ್ಮಯನಿಯದು. ನಾಯಕನ ಗೆಳತಿಯಾದ ಈ ಹುಡುಗಿ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವಳು, ಗೆಳೆಯರನ್ನು ಅಪಾಯದಿಂದ ಪಾರುಮಾಡುವ ಯುಕ್ತಿ ಬಹುಪಾಲು ಅವಳದೇ. ಡೇಲ್ ಅವಳಿಗೆ ಕೊಟ್ಟಿರುವುದು ಎಳೆದೆಳೆದು ಹೆಸರು ಕರೆಯುವ, ತುಸು ಅಳುಮೋರೆಯ ಕಂಠ. ವಯಸ್ಕ ಗಂಡಸು ಹುಡುಗಿಯ ದನಿಯನ್ನು ಅನುಕರಿಸಲು ಹೊರಟಾಗ ಸಾಮಾನ್ಯವಾಗಿ ಹಿಡಿಯುವ ಹಾದಿ ಇದು: ಶ್ರುತಿ ಏರಿಸುವುದು, ಮಾತಿನ ಕೊನೆಯನ್ನು ಎಳೆಯುವುದು. ಪುಟದಲ್ಲಿ ಎಚ್ಚರಿಕೆಯಾಗಿ ಕಾಣುವ ಮಾತು ಇದರಿಂದ ಕಿವಿಗೆ ಗೊಣಗಾಟವಾಗುತ್ತದೆ, ಬುದ್ಧಿವಂತಿಕೆ ಕಿರಿಕಿರಿಯಾಗುತ್ತದೆ. ಇದನ್ನು ರುಚಿಭೇದವೆಂದು ಬಿಡಲಾಗದು. ಪುಸ್ತಕವನ್ನು ಇನ್ನೂ ಓದದ ಮಗುವಿಗೆ ಆ ಪಾತ್ರದ ಮೊದಲ ಪರಿಚಯವೇ ಈ ದನಿಯಾದ್ದರಿಂದ, ಇಲ್ಲಿ ವಾಚಕರು ಪಾತ್ರದ ಅರ್ಥವನ್ನೇ ತಿರುಗಿಸಿದಂತಾಗುತ್ತದೆ.

ಆದರೆ ಇನ್ನೊಂದು ವಿಷಯದಲ್ಲಿ ಇಬ್ಬರು ವಾಚಕರ ಉಪಕಾರವೂ ದೊಡ್ಡದು. ಹರ್ಮಯನಿ ಎಂಬ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ತಿಳಿಯದೆ ಇಂಗ್ಲಿಷ್ ಮನೆಮಾತಿನ ಮಕ್ಕಳೇ ತಬ್ಬಿಬ್ಬಾದಾಗ, ರೌಲಿಂಗ್ 2000ದಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಅವಳೇ ತನ್ನ ಹೆಸರನ್ನು ಒಬ್ಬ ವಿದೇಶಿ ಹುಡುಗನಿಗೆ ಬಿಡಿಸಿ ಹೇಳಿಕೊಡುವ ಪ್ರಸಂಗವನ್ನು ಸೇರಿಸಿದರು. ಗಟ್ಟಿವಾಚನವನ್ನು ಕೇಳಿದ ಮಕ್ಕಳಿಗೆ ಆ ತೊಡಕು ಮೊದಲೇ ಇರಲಿಲ್ಲ. ಖಳನಾಯಕನ ಹೆಸರಿನ ಕೊನೆಯ 'ಟ್' ಮೂಕಾಕ್ಷರ, ಬರೆದರೂ ಉಚ್ಚರಿಸಬಾರದ್ದು, ಎಂಬುದು ಲೇಖಕಿಯ ಮತ. ಡೇಲ್ ಮೊದಲ ಪುಸ್ತಕಗಳಲ್ಲಿ ಅದನ್ನು ಪಾಲಿಸಿ, 2001ರಲ್ಲಿ ಬಂದ ಸಿನಿಮಾ 'ವೋಲ್ಡೆಮಾರ್ಟ್' ಎಂದೇ ಹೇಳಿದ ಮೇಲೆ ಲೋಕರೂಢಿಗೆ ಒಗ್ಗಿಕೊಂಡರು. ಕಣ್ಣಿಗೆಂದು ಬರೆದದ್ದು ನಾಲಿಗೆಗೆ ಕೆಲವೊಮ್ಮೆ ಬಗ್ಗುವುದಿಲ್ಲ: ಜೇಬಿಗೆ ಹಾಕಿಕೊಂಡ ಎಂಬರ್ಥದ ಒಂದು ಪುಟ್ಟ ಇಂಗ್ಲಿಷ್ ನುಡಿಗಟ್ಟು ಎಷ್ಟು ಸಲ ಯತ್ನಿಸಿದರೂ ಬಾಯಿಗೆ ಬಾರದೆ, ಬದಲಿಸಬಹುದೇ ಎಂದು ರೌಲಿಂಗ್ ಅವರನ್ನು ಕೇಳಿದಾಗ ಅವರು ಒಪ್ಪದೆ, ಮುಂದಿನ ಪುಸ್ತಕಗಳಲ್ಲೂ ಬೇಕೆಂದೇ ಅದನ್ನು ಬಳಸಿದರೆಂದು ಫ್ರೈ ಹೇಳಿಕೊಂಡಿದ್ದಾರೆ.

ಕೇಳುಗರ ಮತಭೇದಕ್ಕೆ ಪಠ್ಯಭೇದವೂ ಕಾರಣ. ಮೊದಲ ಪುಸ್ತಕದ ಬ್ರಿಟಿಷ್ ಪ್ರತಿಯ ಶೀರ್ಷಿಕೆಯಲ್ಲಿರುವುದು ರಸವಾದಿಗಳು, ಅಂದರೆ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟವರು, ಅರಸಿದ ಕಲ್ಲು. ನಮ್ಮ ಪರುಷಮಣಿಗೆ ಹತ್ತಿರದ ಕಲ್ಪನೆ. ಅಮೆರಿಕದ ಪ್ರತಿಯಲ್ಲಿ ಅದು ಮಾಂತ್ರಿಕನ ಕಲ್ಲಾಯಿತು, ಮತ್ತು ಆ ಬದಲಾವಣೆಯಿಂದ ಕಲ್ಲಿನ ಹಿಂದಿದ್ದ ಶತಮಾನಗಳ ಚರಿತ್ರೆಯೇ ಕಳಚಿಬಿತ್ತು. ಉಡುಪಿನ, ಮಿಠಾಯಿಯ ಹೆಸರುಗಳೂ ಬದಲಾದವು. ಬೆಂಗಳೂರಿನ ಪುಸ್ತಕದಂಗಡಿಗಳಿಗೆ ಬರುವುದು ಬ್ಲೂಮ್ಸ್‌ಬರಿಯ ಬ್ರಿಟಿಷ್ ಪ್ರತಿಯಾದ್ದರಿಂದ, ಅದನ್ನು ಓದಿದ ಕನ್ನಡದ ಮಗುವಿಗೂ ಅಮೆರಿಕದಲ್ಲಿ ಡೇಲ್ ದನಿ ಕೇಳಿ ಬೆಳೆದ ಕನ್ನಡದ ಮಗುವಿಗೂ ಈ ಪುಟ್ಟ ಪದಗಳಲ್ಲೇ ವ್ಯತ್ಯಾಸ ಎದುರಾಗುತ್ತದೆ.

ಕೇಳುವುದು ಓದುವುದಕ್ಕೆ ಸಮವಲ್ಲ ಎನ್ನುವ ಮೂರನೆಯ ಪಕ್ಷವೂ ಇದೆ. ಅಕ್ಷರಗಳನ್ನು ಗುರುತಿಸಿ ಜೋಡಿಸುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಇರುವ ಮಗುವನ್ನೋ, ಕಣ್ಣು ಕಾಣದ ಮಗುವನ್ನೋ ನೆನೆದರೆ ಆ ವಾದ ನಿಲ್ಲುವುದಿಲ್ಲ.

2025ರ ನವೆಂಬರ್‌ನಲ್ಲಿ ಬಹುಪಾತ್ರ ವಾಚನದ ಮೊದಲ ಸಂಪುಟ ಹೊರಬಂದಿತು. ಇದರಲ್ಲಿ ನಿರೂಪಣೆಗೆ ಒಬ್ಬ ನಟಿ, ಪಾತ್ರಗಳಿಗೆ ಬೇರೆ ಬೇರೆ ಕಲಾವಿದರು. ಹರ್ಮಯನಿಯ ಮಾತು ಕೊನೆಗೂ ಒಬ್ಬ ಹುಡುಗಿಯ ಬಾಯಿಗೆ ಬಂದಿದೆ. ಮಲಗುವ ಹೊತ್ತಿನಲ್ಲಿ ಹಾಸಿಗೆಯ ಪಕ್ಕ ಕುಳಿತ ಒಬ್ಬರೇ ಹಿರಿಯರು ರಾಕ್ಷಸನೂ ಆಗಿ, ಮಗುವೂ ಆಗಿ, ನಡುನಡುವೆ ತಾವೇ ಆಗಿ ಓದಿ ಹೇಳುವ ರೀತಿ ಮಾತ್ರ ಇದರಲ್ಲಿಲ್ಲ. ಅದನ್ನು ಬಯಸುವವರು ಇಂದಿಗೂ ಫ್ರೈ ಅಥವಾ ಡೇಲ್ ಅವರ ಮುದ್ರಿಕೆಗೇ ಹಿಂದಿರುಗಬೇಕಾಗಿದೆ.